ಡಬ್ಬಿಯಲ್ಲಿರುವುದು ಅರ್ಧ ಪೇಂಟ್ ಮಾತ್ರ

ಪ್ರಶ್ನೆ: ನಾನು ಕೆಮಿಸ್ಟ್ರಿ ಎಂ.ಎಸ್ಸಿ. ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಇಂಡಸ್ಟ್ರಿಯಲ್ ಪೇಂಟ್ ತಯಾರಿಸುವ ಕಂಪನಿಯೊಂದರಿಂದ ಇಂಟರ್‌ವ್ಯೂಗೆ ಕರೆ ಬಂದಿದೆ. ಅಲ್ಲಿ ದಿನವಿಡೀ ಬಣ್ಣ ಬೆರೆಸುವುದೇ ಕೆಲಸವಾ? ಓದಿದ ಕೆಮಿಸ್ಟ್ರಿ ಏನಾದರೂ ಉಪಯೋಗಕ್ಕೆ ಬರುತ್ತಾ? ಸಾಲ್ವೆಂಟ್ ವಾಸನೆಯಲ್ಲಿದ್ದು ಆರೋಗ್ಯ ಹಾಳಾಗುತ್ತೆ ಅಂತ ಮನೆಯಲ್ಲಿ ಹೆದರುತ್ತಿದ್ದಾರೆ, ಅದು ನಿಜವಾ? ಇಂಟರ್‌ವ್ಯೂನಲ್ಲಿ ಏನು ಕೇಳಬಹುದು?

ಉತ್ತರ: ಬಣ್ಣ ಬೆರೆಸುವುದರಿಂದಲೇ ಶುರು ಮಾಡೋಣ, ಯಾಕಂದ್ರೆ ಈ ಕೆಲಸ ಅಂದಾಕ್ಷಣ ಎಲ್ಲರ ತಲೆಗೆ ಬರುವುದು ಅದೇ. ಶೇಡ್ ಮ್ಯಾಚಿಂಗ್ ಲ್ಯಾಬಿನ ಒಂದು ಮೂಲೆಯ ಕೆಲಸ. ಅದಕ್ಕೆ ಕಣ್ಣು ಪಳಗಿದವರು ಬೇರೆಯೇ ಇರುತ್ತಾರೆ, ಅವರ ಪಕ್ಕದಲ್ಲಿ ಒಂದು ಸ್ಪೆಕ್ಟ್ರೋಫೋಟೋಮೀಟರ್ ಇರುತ್ತದೆ. ಆ ಯಂತ್ರ ಬಣ್ಣವನ್ನು ಮೂರು ಅಂಕಿಗಳಲ್ಲಿ ಹೇಳುತ್ತದೆ: ಎಷ್ಟು ತಿಳಿ ಎಷ್ಟು ಗಾಢ, ಕೆಂಪಿನ ಕಡೆಗೋ ಹಸಿರಿನ ಕಡೆಗೋ, ಹಳದಿಯ ಕಡೆಗೋ ನೀಲಿಯ ಕಡೆಗೋ. ಎರಡು ಪ್ಯಾನೆಲ್‌ಗಳ, ಅಂದರೆ ಪೇಂಟ್ ಹಚ್ಚಿದ ಪರೀಕ್ಷೆಯ ತಗಡುಗಳ, ಬಣ್ಣದ ನಡುವಿನ ಅಂತರಕ್ಕೆ ಡೆಲ್ಟಾ ಇ ಅಂತಾರೆ. ಅಂಕಿ ಸರಿಯಾಗಿ ಬಂದ ಮಾತ್ರಕ್ಕೆ ಮುಗಿಯಲಿಲ್ಲ. ಹಗಲು ಬೆಳಕಿನಲ್ಲಿ ಒಂದೇ ಥರ ಕಂಡ ಎರಡು ಬೂದು ಬಣ್ಣಗಳು ಹಳದಿ ಬಲ್ಬಿನ ಕೆಳಗೆ ಬೇರೆ ಬೇರೆ ಕಾಣಬಹುದು, ಒಳಗಿನ ಪಿಗ್ಮೆಂಟ್‌ಗಳು ಬೇರೆಯಾಗಿದ್ದರೆ ಹಾಗಾಗುತ್ತದೆ. ಅದಕ್ಕೇ ಲೈಟ್ ಬೂತ್‌ನಲ್ಲಿ ಬೆಳಕು ಬದಲಿಸಿ ಬದಲಿಸಿ ನೋಡುವುದು. ಇದು ಒಳ್ಳೆಯ ಕಸುಬೇ. ಆದರೆ ನಿಮ್ಮನ್ನು ಕರೆದಿರುವುದು ಇದಕ್ಕಲ್ಲ ಅಂತ ನನ್ನ ಊಹೆ. ಇಂಡಸ್ಟ್ರಿಯಲ್ ಪೇಂಟ್‌ನಲ್ಲಿ ಅರ್ಧಕ್ಕರ್ಧ ಸರಕು ಬೂದು, ಕಪ್ಪು, ಇಟ್ಟಿಗೆ ಕೆಂಪು. ಅದು ಚೆನ್ನಾಗಿ ಕಾಣಲಿ ಅಂತ ಯಾರೂ ಕೊಳ್ಳುವುದಿಲ್ಲ. ಅದರ ಕೆಳಗಿನ ಕಬ್ಬಿಣ ಉಳಿಯಲಿ ಅಂತ ಕೊಳ್ಳುತ್ತಾರೆ.

ಈ ಕೆಲಸದಲ್ಲಿ ಮೊದಲು ತಲೆಗೆ ಹೋಗಬೇಕಾದದ್ದು ಒಂದೇ ವಿಷಯ. ನಾವು ಡಬ್ಬಿಯಲ್ಲಿ ತುಂಬಿ ಕಳಿಸುವುದು ಪೂರ್ತಿ ತಯಾರಾದ ಸರಕಲ್ಲ. ಪೇಂಟ್ ಅಂದರೆ ಕಬ್ಬಿಣದ ಮೇಲೆ ಒಣಗಿ ಕೂತ ಆ ತೆಳು ಪದರ, ಮತ್ತು ಆ ಪದರವನ್ನು ಮಾಡುವವನು ಕೆಮಿಸ್ಟ್ ಅಲ್ಲ. ಸ್ಪ್ರೇ ಗನ್ ಹಿಡಿದವನು, ಅವನಿಗಿಂತ ಮೊದಲು ಕಬ್ಬಿಣ ಉಜ್ಜಿದವನು, ತಿನ್ನರ್ ಸುರಿದವನು, ಆವತ್ತಿನ ಹವೆ, ಇವರೆಲ್ಲ ಸೇರಿ ಮಾಡುತ್ತಾರೆ. ಇವರಲ್ಲಿ ಯಾರೂ ನಿಮ್ಮ ಮಾತು ಕೇಳುವವರಲ್ಲ. ಆದರೆ ಪದರ ಎದ್ದು ಬಂದರೆ ಫೋನ್ ಬರುವುದು ಮಾತ್ರ ನಿಮಗೆ. ಹಾಗಾಗಿ ಪೇಂಟ್ ಕೆಮಿಸ್ಟ್‌ನ ನಿಜವಾದ ಕೆಲಸ ಅಂದರೆ, ತಾನು ಎದುರಿಗೆ ಇರದ ಜಾಗದಲ್ಲಿ ಬೇರೆಯವರು ಮಾಡಬಹುದಾದ ಎಡವಟ್ಟುಗಳನ್ನೆಲ್ಲ ಮೊದಲೇ ಊಹಿಸಿ ಅದಕ್ಕೆ ತಡೆದುಕೊಳ್ಳುವಂಥದ್ದನ್ನು ಡಬ್ಬಿಯೊಳಗೆ ಹಾಕಿ ಕಳಿಸುವುದು.

ಡಬ್ಬಿಯೊಳಗೆ ಇರುವುದು ನಾಲ್ಕು ಬಗೆ. ಗಟ್ಟಿಯಾಗಿ ಹಿಡಿದುಕೊಳ್ಳುವ ರೆಸಿನ್, ಮುಚ್ಚುವ ಮತ್ತು ಕಾಯುವ ಪಿಗ್ಮೆಂಟ್ ಹಾಗೂ ಫಿಲ್ಲರ್, ಇವನ್ನೆಲ್ಲ ಹರಿಯುವಂತೆ ಮಾಡಿ ಆಮೇಲೆ ಹಾರಿಹೋಗುವ ಸಾಲ್ವೆಂಟ್ ಅಥವಾ ನೀರು, ಮತ್ತೆ ಚೂರುಪಾರು ಅಡಿಟಿವ್‌ಗಳು. ಅಡಿಟಿವ್‌ಗಳು ತೂಕದಲ್ಲಿ ಕಮ್ಮಿ, ತಲೆನೋವಿನಲ್ಲಿ ಜಾಸ್ತಿ. ನೊರೆ ಬರುತ್ತೆ ಅಂತ ಡಿಫೋಮರ್ ಹಾಕಿದರೆ ಪದರದಲ್ಲಿ ಕುಳಿ ಬೀಳುತ್ತದೆ. ಕುಳಿ ಬೀಳುತ್ತೆ ಅಂತ ಸಿಲಿಕೋನ್ ಅಡಿಟಿವ್ ಏರಿಸಿದರೆ ಮೇಲಿನ ಕೋಟ್ ಅಂಟುವುದಿಲ್ಲ. ಇಳಿಯದೆ ನಿಲ್ಲಲಿ ಅಂತ ಫ್ಯೂಮ್ಡ್ ಸಿಲಿಕಾ ಹಾಕಿ ದಪ್ಪ ಮಾಡಿದರೆ ಮೇಲ್ಮೈ ಸಮ ಆಗದೆ ಕಿತ್ತಳೆ ಸಿಪ್ಪೆಯ ಹಾಗೆ ಉಬ್ಬುತಗ್ಗಾಗುತ್ತದೆ. ಒಂದನ್ನು ಸರಿ ಮಾಡಲು ಹೋದರೆ ಇನ್ನೊಂದು ಕೆಡುತ್ತದೆ, ಅದಕ್ಕೇ ಒಂದು ಪದಾರ್ಥವನ್ನು 0.1, 0.3, 0.5 ಅಂತ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಉಳಿದದ್ದನ್ನೆಲ್ಲ ಮುಟ್ಟದೆ ಪ್ಯಾನೆಲ್ ಮಾಡುವುದು. ಬೇಜಾರಿನ ಕೆಲಸ. ಆದರೆ ಎರಡನ್ನು ಒಟ್ಟಿಗೆ ಬದಲಿಸಿದವನಿಗೆ ಕೊನೆಗೆ ಏನೂ ಗೊತ್ತಾಗುವುದಿಲ್ಲ.

ಇನ್ನು ಓದಿದ ಕೆಮಿಸ್ಟ್ರಿಯ ವಿಷಯ. ಬರುತ್ತೆ, ಆದರೆ ಫಿಸಿಕ್ಸ್ ಜೊತೆ ಬೆರೆತು ಬರುತ್ತೆ. ಬಿಳಿ ಬಣ್ಣವನ್ನೇ ತಗೊಳ್ಳಿ. ಟೈಟಾನಿಯಂ ಡೈಆಕ್ಸೈಡ್ ಯಾಕೆ ಅಷ್ಟು ಚೆನ್ನಾಗಿ ಮುಚ್ಚುತ್ತದೆ? ಅದರ ರೂಟೈಲ್ ರೂಪದ ವಕ್ರೀಭವನ ಸೂಚ್ಯಂಕ ಸುಮಾರು 2.7, ಸುತ್ತಲಿನ ರೆಸಿನ್‌ದು ಸುಮಾರು 1.5. ಈ ಅಂತರ ದೊಡ್ಡದಿದ್ದಷ್ಟೂ ಬೆಳಕು ಜಾಸ್ತಿ ಚದುರುತ್ತದೆ. ಸೀಮೆಸುಣ್ಣದ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೋನೇಟ್, ಸುಮಾರು 1.6 ಅಷ್ಟೇ. ರೆಸಿನ್‌ನಲ್ಲಿ ನೆನೆದರೆ ಅದು ಹೆಚ್ಚುಕಮ್ಮಿ ಕಾಣುವುದೇ ಇಲ್ಲ. ಅದಲ್ಲದೆ ಕಣದ ಗಾತ್ರವೂ 0.2 ರಿಂದ 0.3 ಮೈಕ್ರಾನ್ ಆಸುಪಾಸಿನಲ್ಲೇ ಇರಬೇಕು, ಅದಕ್ಕಿಂತ ಸಣ್ಣದಾದರೂ ದೊಡ್ಡದಾದರೂ ಮುಚ್ಚುವ ಶಕ್ತಿ ಇಳಿಯುತ್ತದೆ. ಇದೇ ವಸ್ತುವಿನ ಇನ್ನೊಂದು ಸ್ಫಟಿಕ ರೂಪ ಅನಟೇಸ್. ಅದನ್ನು ಬಿಸಿಲಿಗೆ ಹೋಗುವ ಪೇಂಟ್‌ಗೆ ಹಾಕಿದರೆ ಸುತ್ತಲಿನ ರೆಸಿನ್ ಅನ್ನೇ ಅದು ಬೆಳಕಿನ ಸಹಾಯದಿಂದ ಒಡೆಯುತ್ತದೆ, ಕೈಯಾಡಿಸಿದರೆ ಬಿಳಿ ಪುಡಿ ಅಂಟುತ್ತದೆ. ರೂಟೈಲ್‌ಗೂ ಅಲ್ಯೂಮಿನಾ, ಸಿಲಿಕಾ ಹೊದಿಕೆ ಹಾಕಿಯೇ ಮಾರುವುದು ಈ ಕಾರಣಕ್ಕೆ. ಹಾಗಾಗಿ ಪರ್ಚೇಸ್‌ನವರು ಬಂದು ‘ಇದೂ ಟೈಟಾನಿಯಂ, ಅದೂ ಟೈಟಾನಿಯಂ, ಅಗ್ಗದ್ದು ತರಿಸಲಾ’ ಅಂತ ಕೇಳಿದಾಗ ಸುಮ್ನೆ ತಲೆಯಾಡಿಸಬಾರದು. ವರ್ಷಕ್ಕೆ ಹಲವು ಸಲ ಕೇಳುತ್ತಾರೆ, ನೋಡ್ತಾ ಇರಿ.

ಕಾಲೇಜಿನಲ್ಲಿ ಬಹುಶಃ ಕಲಿಸದ, ಆದರೆ ನನ್ನ ಪ್ರಕಾರ ಈ ಕಸುಬಿನ ಬೆನ್ನೆಲುಬಾಗಿರುವ ಒಂದು ಲೆಕ್ಕ ಇದೆ. ಒಣಗಿದ ಪದರದಲ್ಲಿ ಪಿಗ್ಮೆಂಟ್ ಮತ್ತು ಫಿಲ್ಲರ್ ಗಾತ್ರದ ಲೆಕ್ಕದಲ್ಲಿ ಶೇಕಡಾ ಎಷ್ಟಿದೆ ಅನ್ನುವುದು, ಪಿಗ್ಮೆಂಟ್ ವಾಲ್ಯೂಮ್ ಕಾನ್ಸೆಂಟ್ರೇಶನ್, ಚಿಕ್ಕದಾಗಿ ಪಿವಿಸಿ ಅಂತಾರೆ. ಪ್ಲಾಸ್ಟಿಕ್ ಪಿವಿಸಿಗೂ ಇದಕ್ಕೂ ಸಂಬಂಧ ಇಲ್ಲ. ಪುಡಿಯನ್ನು ಏರಿಸುತ್ತಾ ಹೋದರೆ ಒಂದು ಹಂತದಲ್ಲಿ ಕಣಗಳ ನಡುವಿನ ಸಂದಿಗಳನ್ನು ತುಂಬಲು ಇದ್ದ ರೆಸಿನ್ ಸರಿಯಾಗಿ ಸಾಕಾಗುತ್ತದೆ. ಆ ಗೆರೆ ದಾಟಿದರೆ ಸಂದಿಯಲ್ಲಿ ಗಾಳಿ. 1949ರಲ್ಲಿ ಆಸ್ಬೆಕ್ ಮತ್ತು ವಾನ್ ಲೂ ಎಂಬಿಬ್ಬರು ಇದಕ್ಕೆ ಕ್ರಿಟಿಕಲ್ ಪಿವಿಸಿ ಅಂತ ಹೆಸರಿಟ್ಟು ಬರೆದರು. ಆ ಗೆರೆಯ ಆಚೆ ಈಚೆ ಪೇಂಟ್‌ನ ಸ್ವಭಾವವೇ ಬೇರೆ. ಕೆಳಗಿದ್ದಾಗ ಹೊಳಪು ಇರುತ್ತದೆ, ನೀರು ಸುಲಭಕ್ಕೆ ಒಳಗೆ ಹೋಗುವುದಿಲ್ಲ. ದಾಟಿದ ಕೂಡಲೇ ಹೊಳಪು ಹೋಗುತ್ತದೆ, ನೀರು ನುಗ್ಗುತ್ತದೆ, ಕೆಳಗಿನ ಕಬ್ಬಿಣಕ್ಕೆ ತುಕ್ಕು. ಆದರೆ ಮುಚ್ಚುವ ಶಕ್ತಿ ಮಾತ್ರ ಏರುತ್ತದೆ, ಯಾಕಂದ್ರೆ ಈಗ ಗಾಳಿಯೂ ಬೆಳಕು ಚದುರಿಸಲು ಸೇರಿಕೊಂಡಿದೆ. ಒಳಗೋಡೆಗೆ ಹಚ್ಚುವ ಮಂಕು ಬಿಳಿ ಪೇಂಟ್ ಈ ಗಾಳಿಯ ಮೇಲೆಯೇ ಬದುಕುತ್ತದೆ.

ಕಬ್ಬಿಣದ ಪ್ರೈಮರ್‌ಗಳಲ್ಲಿ ಸಾಮಾನ್ಯವಾಗಿ ಈ ಗೆರೆಯ ಕೆಳಗೇ ಇರಬೇಕು. ಒಂದು ಮಾತ್ರ ಇದಕ್ಕೆ ಸೊಪ್ಪು ಹಾಕುವುದಿಲ್ಲ: ಜಿಂಕ್ ರಿಚ್ ಪ್ರೈಮರ್. ಅದರ ಒಣ ಪದರದಲ್ಲಿ ತೂಕದ ಲೆಕ್ಕದಲ್ಲಿ ಕನಿಷ್ಠ ಶೇ. 80 ಸತುವಿನ ಪುಡಿ ಇರಬೇಕು ಅನ್ನುತ್ತದೆ ಐಎಸ್ಒ 12944 ಎಂಬ ಅಂತರರಾಷ್ಟ್ರೀಯ ಮಾನದಂಡ. ಯಾಕೆ ಅಷ್ಟು ತುರುಕುವುದು? ಸತುವಿನ ಕಣ ಕಣಕ್ಕೆ ತಾಗಿ, ಆ ಸಾಲು ಕಬ್ಬಿಣಕ್ಕೆ ತಾಗಿದರೆ ಮಾತ್ರ ವಿದ್ಯುತ್ ಹರಿಯುತ್ತದೆ, ಆಗ ಸತು ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಎಲೆಕ್ಟ್ರೋಕೆಮಿಸ್ಟ್ರಿ ಪರೀಕ್ಷೆಗೆ ಓದಿದ್ದು ಇಲ್ಲಿ ಕಣ್ಣಮುಂದೆ ನಡೆಯುತ್ತದೆ. ಜೊತೆಗೆ ಒಂದು ತಾಪತ್ರಯ. ಸತುವಿನ ಸಾಂದ್ರತೆ 7.1, ಹಾಗಾಗಿ ಹಚ್ಚುವಾಗ ಕಲಕುತ್ತಲೇ ಇರಬೇಕು. ಕಲಕದೆ ಬಿಟ್ಟರೆ ಸತು ತಳದಲ್ಲಿ, ಕಬ್ಬಿಣದ ಮೇಲೆ ಬರೀ ರೆಸಿನ್.

ರೆಸಿನ್‌ಗೆ ಹಾರ್ಡನರ್ ಬೆರೆಸಿ ಗಟ್ಟಿ ಮಾಡುವ ಎಪಾಕ್ಸಿಯ ಲೆಕ್ಕ ನಿಮಗೆ ಸುಲಭ ಅನ್ನಿಸುತ್ತದೆ. ಸಾಮಾನ್ಯ ದ್ರವ ಎಪಾಕ್ಸಿ ರೆಸಿನ್‌ನ ಈಕ್ವಿವಲೆಂಟ್ ತೂಕ ಸುಮಾರು 190. ನಿಮ್ಮ ಅಮೀನ್ ಹಾರ್ಡನರ್‌ನ ಹೈಡ್ರೋಜನ್ ಈಕ್ವಿವಲೆಂಟ್ ತೂಕ 95 ಅಂದುಕೊಳ್ಳಿ. 100 ಗ್ರಾಂ ರೆಸಿನ್‌ಗೆ 50 ಗ್ರಾಂ ಹಾರ್ಡನರ್, ಮುಗಿಯಿತು. ಪರೀಕ್ಷೆಯಲ್ಲಿ ಇದಕ್ಕೆ ಎರಡು ಅಂಕ. ಕೆಲಸದಲ್ಲಿ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ. ಸೈಟ್‌ನಲ್ಲಿ ಯಾರೂ ತಕ್ಕಡಿ ಇಟ್ಟುಕೊಂಡಿರುವುದಿಲ್ಲ. ಹಾಗಾಗಿ ಅನುಪಾತವನ್ನು ಗಾತ್ರಕ್ಕೆ ತಂದು 4ಕ್ಕೆ 1 ಅಥವಾ 2ಕ್ಕೆ 1 ಅನ್ನುವಂಥ ಸರಳ ಲೆಕ್ಕಕ್ಕೆ ಹೊಂದಿಸಬೇಕು. ಅರ್ಧ ಡಬ್ಬಿ ಮಾತ್ರ ಬೇಕಾದವನು ಕಣ್ಣಳತೆಯಲ್ಲಿ ಸುರಿಯುತ್ತಾನೆ, ಅದಕ್ಕೂ ಸ್ವಲ್ಪ ಸಡಿಲ ಇಟ್ಟಿರಬೇಕು. ಹಾರ್ಡನರ್ ಕಮ್ಮಿಯಾದರೆ ಪದರ ಮೆತ್ತಗೆ ಉಳಿದು ಸಾಲ್ವೆಂಟ್‌ಗೆ ಕರಗುತ್ತದೆ. ಜಾಸ್ತಿಯಾದರೆ ನೀರಿಗೆ ಸೋಲುತ್ತದೆ. ಬೆರೆಸಿದ ಮೇಲೆ ಎಷ್ಟು ಹೊತ್ತಿನೊಳಗೆ ಮುಗಿಸಬೇಕು ಅನ್ನುವ ಪಾಟ್ ಲೈಫ್ ಬೇರೆ ಇದೆ. ಲ್ಯಾಬಿನಲ್ಲಿ 100 ಗ್ರಾಂ ಬೆರೆಸಿ ನೋಡಿದ ಸಮಯವನ್ನು ನಂಬಿ 20 ಲೀಟರ್ ಡಬ್ಬಿಗೆ ಅದೇ ಬರೆದರೆ ಕೆಟ್ಟಿತು. ದೊಡ್ಡ ಡಬ್ಬಿಯಲ್ಲಿ ಶಾಖ ಹೊರಗೆ ಹೋಗುವುದಿಲ್ಲ, ಶಾಖ ಏರಿದಷ್ಟೂ ಕ್ರಿಯೆ ಜೋರಾಗುತ್ತದೆ, ಬ್ರಷ್ ಸಮೇತ ಗಟ್ಟಿ.

ದಿನ ಹೇಗಿರುತ್ತೆ ಅಂತ ಕೇಳಿದ್ದೀರಿ. ಬೆಳಗ್ಗೆ ಮೊದಲು ನಿನ್ನೆಯ ಪ್ಯಾನೆಲ್ ನೋಡುವುದು, ಆಮೇಲೆ ಹೊಸದು ಬೆರೆಸುವುದು. ತಳದಲ್ಲಿ ರೆಸಿನ್, ಸ್ವಲ್ಪ ಸಾಲ್ವೆಂಟ್, ಡಿಸ್ಪರ್ಸಿಂಗ್ ಏಜೆಂಟ್, ಅದರ ಮೇಲೆ ಪಿಗ್ಮೆಂಟ್ ಉದುರಿಸಿ ಹಲ್ಲಿನ ಚಕ್ರದ ಮಿಕ್ಸರ್ ತಿರುಗಿಸಿದರೆ ಮಧ್ಯದಲ್ಲಿ ಒಳಗೆ ಸುತ್ತಿಕೊಳ್ಳುವ ಸುಳಿ ಏಳಬೇಕು. ಸುಳಿ ಏಳದೆ ಎಲ್ಲೆಡೆ ಚಿಮ್ಮಿದರೆ ತೆಳುವಾಗಿದೆ, ಚಕ್ರದ ಸುತ್ತ ಮಾತ್ರ ಕದಲಿ ಅಂಚು ನಿಂತುಬಿಟ್ಟರೆ ಗಟ್ಟಿಯಾಗಿದೆ. ಇನ್ನೂ ನಯ ಬೇಕಾದರೆ ಜಿರ್ಕೋನಿಯಾ ಮಣಿಗಳಿರುವ ಬೀಡ್ ಮಿಲ್‌ಗೆ ಹಾಕುತ್ತಾರೆ.

ಎಷ್ಟು ನಯವಾಯಿತು ಅಂತ ತಿಳಿಯುವುದು ಹೆಗ್ಮನ್ ಗೇಜ್‌ನಲ್ಲಿ. ಅಂಗೈಗಿಂತ ಸ್ವಲ್ಪ ಉದ್ದದ ಉಕ್ಕಿನ ಪಟ್ಟಿ, ಅದರಲ್ಲಿ ಒಂದು ತೋಡು. ಒಂದು ತುದಿಯಲ್ಲಿ 100 ಮೈಕ್ರಾನ್ ಆಳ, ಇನ್ನೊಂದು ತುದಿಯಲ್ಲಿ ಸೊನ್ನೆ. ಆಳದ ತುದಿಗೆ ಎರಡು ಹನಿ ಪೇಂಟ್ ಬಿಟ್ಟು, ಸ್ಕ್ರೇಪರ್ ಅನ್ನು ನೆಟ್ಟಗೆ ಹಿಡಿದು ಒಂದೇ ಎಳೆತಕ್ಕೆ ಸೊನ್ನೆಯ ಕಡೆ ಎಳೆಯಬೇಕು. ತಕ್ಷಣ ಪಟ್ಟಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು, ಸಾಲ್ವೆಂಟ್ ಹಾರಲು ಬಿಟ್ಟರೆ ಇಲ್ಲದ ಚುಕ್ಕೆಗಳೂ ಕಾಣಲು ಶುರುವಾಗುತ್ತವೆ. ಆಳ ಇರುವಲ್ಲಿ ಮೇಲ್ಮೈ ಕನ್ನಡಿಯಂತಿರುತ್ತದೆ. ಮುಂದೆ ಹೋದಂತೆ ಒಂದೊಂದು ಚುಕ್ಕೆ ತಲೆ ಎತ್ತುತ್ತದೆ, ಮತ್ತೂ ಮುಂದೆ ಗುಂಪು ಗುಂಪಾಗಿ, ಕೆಲವು ಕಣಗಳು ಸ್ಕ್ರೇಪರ್‌ಗೆ ಸಿಕ್ಕಿ ಗೀರು ಎಳೆದಿರುತ್ತವೆ. ಓದಬೇಕಾದದ್ದು ಮೊದಲ ಒಂಟಿ ಚುಕ್ಕೆಯನ್ನಲ್ಲ, 3 ಮಿಲಿಮೀಟರ್ ಅಗಲದ ಪಟ್ಟೆಯಲ್ಲಿ ಐದರಿಂದ ಹತ್ತು ಚುಕ್ಕೆ ಸೇರುವ ಜಾಗವನ್ನು. ಪ್ರೈಮರ್‌ಗೆ 30-40 ಮೈಕ್ರಾನ್ ನಡೆಯುತ್ತದೆ, ಕಾರಿನ ಹೊರಪದರಕ್ಕೆ 10ರ ಕೆಳಗೆ ಬೇಕು. ಇದನ್ನು ಇಬ್ಬರು ಓದಿದರೆ ಎರಡು ಉತ್ತರ ಬರುವುದು ಮಾಮೂಲು, ಪ್ರೊಡಕ್ಷನ್‌ನವರ ಉತ್ತರ ಯಾವಾಗಲೂ ಸ್ವಲ್ಪ ನಯವಾಗೇ ಇರುತ್ತದೆ.

ಆಮೇಲೆ ಪರೀಕ್ಷೆಗಳು. ತಳದಲ್ಲಿ ತೂತಿರುವ ಫೋರ್ಡ್ ಕಪ್‌ನಿಂದ ಪೇಂಟ್ ಎಷ್ಟು ಸೆಕೆಂಡಿಗೆ ಸುರಿದು ಮುಗಿಯುತ್ತದೆ, 60 ಡಿಗ್ರಿ ಕೋನದಲ್ಲಿ ಹೊಳಪು ಎಷ್ಟು, ಎಂಇಕೆ ಅನ್ನುವ ಸಾಲ್ವೆಂಟ್‌ನಲ್ಲಿ ಅದ್ದಿದ ಬಟ್ಟೆಯಲ್ಲಿ ಎಷ್ಟು ಸಲ ಹಿಂದೆ ಮುಂದೆ ಉಜ್ಜಿದರೆ ಪದರ ಬಿಡುತ್ತದೆ, ಮಡಚಿದರೆ ಬಿರುಕು ಬಿಡುತ್ತಾ. ಅಂಟು ಪರೀಕ್ಷೆಗೆ ಬ್ಲೇಡ್‌ನಿಂದ ಅಡ್ಡ ಆರು, ಉದ್ದ ಆರು ಗೀರು ಹಾಕಿ 25 ಚೌಕ ಮಾಡಿ ಟೇಪ್ ಅಂಟಿಸಿ ಎಳೆಯುವುದು. ಇಲ್ಲಿ ಒಂದು ವಿಷಯ ನೆನಪಿಡಿ. ಐಎಸ್ಒ ಪದ್ಧತಿಯಲ್ಲಿ 0 ಅಂದರೆ ಅತ್ಯುತ್ತಮ, 5 ಅಂದರೆ ಕೆಟ್ಟದ್ದು. ಅಮೆರಿಕದ ಎಎಸ್‌ಟಿಎಂ ಪದ್ಧತಿಯಲ್ಲಿ 5ಬಿ ಅತ್ಯುತ್ತಮ, 0ಬಿ ಕೆಟ್ಟದ್ದು. ಯಾವ ಪದ್ಧತಿ ಅಂತ ಬರೆಯದೆ ಬರೀ ಅಂಕಿ ಕಳಿಸಿ ಜಗಳವಾದದ್ದು ಈ ಉದ್ಯಮದಲ್ಲಿ ಎಷ್ಟಿದೆಯೋ.

ಉಪ್ಪಿನ ಮಂಜಿನ ಪರೀಕ್ಷೆ ಇನ್ನೊಂದು. ಶೇ. 5ರ ಉಪ್ಪು ನೀರನ್ನು 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಂಜಾಗಿ ಸಿಂಪಡಿಸುವ ಪೆಟ್ಟಿಗೆಯೊಳಗೆ, ಪದರವನ್ನು ಕಬ್ಬಿಣದವರೆಗೂ ಗೀರಿದ ಪ್ಯಾನೆಲ್ ಇಟ್ಟು 500 ಗಂಟೆ, 1000 ಗಂಟೆ ಕಾಯುವುದು. ಗೀರಿನಿಂದ ತುಕ್ಕು ಎಷ್ಟು ಮಿಲಿಮೀಟರ್ ಒಳಗೆ ನುಸುಳಿದೆ ಅಂತ ಅಳೆಯುವುದು. ಗಿರಾಕಿಗಳಿಗೆ ಈ ಗಂಟೆಗಳ ಮೇಲೆ ಬಹಳ ಪ್ರೀತಿ. ನನಗೆ ಅಷ್ಟಿಲ್ಲ. ಹೊರಗೆ ಪೇಂಟ್ ನೆನೆಯುತ್ತದೆ, ಒಣಗುತ್ತದೆ, ಬಿಸಿಲು ತಿನ್ನುತ್ತದೆ, ಮತ್ತೆ ನೆನೆಯುತ್ತದೆ. ಈ ಪೆಟ್ಟಿಗೆಯಲ್ಲಿ ಬರೀ ನೆನೆಯುವುದೇ. ಇಲ್ಲಿ ಗೆದ್ದದ್ದು ಹೊರಗೆ ಸೋಲುವುದೂ, ಇಲ್ಲಿ ಸೋತದ್ದು ಹೊರಗೆ ವರ್ಷಗಟ್ಟಲೆ ನಿಲ್ಲುವುದೂ ಉಂಟು. ಒದ್ದೆ, ಒಣ, ಯುವಿ ಬೆಳಕು ಬದಲಾಯಿಸುತ್ತಾ ಮಾಡುವ ಪರೀಕ್ಷೆಗಳು ವಾಸಿ. ಬಯಲಲ್ಲಿ ಓರೆಯಾಗಿ ನಿಲ್ಲಿಸಿದ ಪ್ಯಾನೆಲ್‌ಗಳೇ ಎಲ್ಲಕ್ಕಿಂತ ವಾಸಿ, ಆದರೆ ಅದಕ್ಕೆ ವರ್ಷಗಳು ಬೇಕು, ಸೇಲ್ಸ್‌ನವರಿಗೆ ಮುಂದಿನ ತಿಂಗಳೇ ಬೇಕು.

ದೂರು ಬಂದಾಗ ಹೋಗುವುದು ನನಗೆ ಮೊದಲಿನಿಂದಲೂ ಇಷ್ಟದ ಭಾಗ. ಒಂದು ಫ್ಯಾಕ್ಟರಿಯ ಪೇಂಟ್ ಲೈನ್‌ನಲ್ಲಿ ಕುಳಿ ಬೀಳುತ್ತಿತ್ತು. ಒದ್ದೆ ಪದರದಲ್ಲಿ ಸಾಸಿವೆ ಗಾತ್ರದ ತೂತು, ಸುತ್ತ ಸಣ್ಣ ದಂಡೆ, ನಡುವೆ ಕೆಳಗಿನ ಪ್ರೈಮರ್ ಕಾಣುತ್ತದೆ. ನಿಮ್ಮ ಪೇಂಟೇ ಸರಿ ಇಲ್ಲ ಅಂತ ಅವರ ಪಟ್ಟು. ಪ್ರತಿ ಬ್ಯಾಚ್‌ನಿಂದಲೂ ಒಂದು ಸಣ್ಣ ಡಬ್ಬಿ ಲ್ಯಾಬಿನಲ್ಲಿ ಎತ್ತಿಟ್ಟಿರುತ್ತೇವೆ, ಅದೇ ಬ್ಯಾಚ್‌ನದ್ದು ಲ್ಯಾಬಿನಲ್ಲಿ ಹೊಡೆದರೆ ಒಂದು ಕುಳಿಯೂ ಇಲ್ಲ. ಲೈನಿನ ಪಕ್ಕ ನಿಂತು ನೋಡಿದಾಗ ಕಂಡದ್ದು, ಕುಳಿಗಳು ಪ್ರತಿ ತುಂಡಿನ ಮೇಲ್ಭಾಗದಲ್ಲೇ ಜಾಸ್ತಿ. ಪೇಂಟ್ ಕೆಟ್ಟಿದ್ದರೆ ಮೇಲೆ ಕೆಳಗೆ ಅಂತ ಭೇದ ಮಾಡುವುದಿಲ್ಲ, ಅಲ್ವಾ? ಮೇಲೆ ಏನಿದೆ ಅಂದರೆ ತುಂಡುಗಳನ್ನು ನೇತುಹಾಕಿ ಎಳೆಯುವ ಚೈನ್. ಒಂದು ತುಂಡಿನ ಎಡ ಅರ್ಧವನ್ನು ಮಾತ್ರ ಸಾಲ್ವೆಂಟ್‌ನಿಂದ ಒರೆಸಿ, ಒರೆಸಿದ ಭಾಗದ ಮೇಲೆ ಗನ್‌ವರೆಗೂ ಹಾಳೆ ಮುಚ್ಚಿಕೊಂಡು ಹೋಗಿ ಹೊಡೆಸಿದೆವು. ಎಡಗಡೆ ನುಣುಪು, ಬಲಗಡೆ ಕುಳಿ. ಚೈನ್ ಕಿರುಗುಟ್ಟುತ್ತೆ ಅಂತ ಮೇಂಟೆನೆನ್ಸ್‌ನವರು ಹೊಸ ಸ್ಪ್ರೇ ಎಣ್ಣೆ ಹೊಡೆಯಲು ಶುರು ಮಾಡಿದ್ದರು, ಅದರಲ್ಲಿ ಸಿಲಿಕೋನ್.

ಕಾರಣ ಮೇಲ್ಮೈ ಸೆಳೆತ, ಅಂದರೆ ಸರ್ಫೇಸ್ ಟೆನ್ಶನ್. ನೀರಿನದ್ದು ಮೀಟರ್‌ಗೆ 72 ಮಿಲಿನ್ಯೂಟನ್, ಸಾಲ್ವೆಂಟ್ ಪೇಂಟ್‌ಗಳದ್ದು ಹೆಚ್ಚುಕಮ್ಮಿ 30, ಸಿಲಿಕೋನ್ ಎಣ್ಣೆಯದ್ದು 21ರ ಸುಮಾರು. ದ್ರವ ಯಾವಾಗಲೂ ಸೆಳೆತ ಕಮ್ಮಿ ಇರುವಲ್ಲಿಂದ ಜಾಸ್ತಿ ಇರುವ ಕಡೆಗೆ ಸರಿಯುತ್ತದೆ. ಕಣ್ಣಿಗೆ ಕಾಣದಷ್ಟು ಸಿಲಿಕೋನ್ ಬಿದ್ದರೂ ಪೇಂಟ್ ಅಲ್ಲಿಂದ ಹಿಂದೆ ಸರಿದು ಕುಳಿ ಬಿಡುತ್ತದೆ. ಕಾರಿಗೆ ಬಣ್ಣ ಹೊಡೆಯುವ ಶಾಪ್‌ಗಳಲ್ಲಿ ಕೈಗೆ ಹಚ್ಚುವ ಕ್ರೀಮು, ಡಿಯೋಡರೆಂಟ್‌ಗಳನ್ನು ಕೂಡ ನಿಷೇಧಿಸುವುದು ಇದಕ್ಕೇ.

ಹೊರಗಿನ ದೊಡ್ಡ ಕಟ್ಟಣೆಗಳ ಕಥೆ ಬೇರೆ, ಅಲ್ಲಿ ಹವೆಯೇ ಯಜಮಾನ. ಕಬ್ಬಿಣದ ಉಷ್ಣತೆ ಇಬ್ಬನಿ ಬಿಂದುವಿಗಿಂತ, ಅಂದರೆ ಡ್ಯೂ ಪಾಯಿಂಟ್‌ಗಿಂತ, ಕನಿಷ್ಠ 3 ಡಿಗ್ರಿ ಮೇಲಿರಬೇಕು ಅನ್ನುವುದು ಎಲ್ಲರೂ ಒಪ್ಪಿದ ನಿಯಮ. ಇಲ್ಲದಿದ್ದರೆ ಕಣ್ಣಿಗೆ ಒಣಗಿದಂತೆ ಕಾಣುವ ಕಬ್ಬಿಣದ ಮೇಲೆ ತೆಳುವಾಗಿ ನೀರು ಕೂತಿರುತ್ತದೆ. ತಂಪು ಮತ್ತು ತೇವದ ಹೊತ್ತಿನಲ್ಲಿ ಹಚ್ಚಿದ ಎಪಾಕ್ಸಿಯ ಮೇಲೆ ಮರುದಿನ ಜಿಡ್ಡುಜಿಡ್ಡಾದ ಬಿಳಿ ಪೊರೆ ಬಂದಿರುತ್ತದೆ. ಹಾರ್ಡನರ್‌ನ ಅಮೀನ್, ಗಾಳಿಯ ಕಾರ್ಬನ್ ಡೈಆಕ್ಸೈಡ್, ತೇವ ಸೇರಿ ಕಾರ್ಬಮೇಟ್ ಆಗಿರುತ್ತದೆ. ಬಿಸಿ ನೀರಿನಲ್ಲಿ ತೊಳೆದರೆ ಹೋಗುತ್ತದೆ. ತೊಳೆಯದೆ ಮೇಲಿನ ಕೋಟ್ ಹೊಡೆದರೆ ಆ ಕೋಟ್ ಹಾಳೆ ಹಾಳೆಯಾಗಿ ಕಿತ್ತು ಬರುತ್ತದೆ. ಕಬ್ಬಿಣದ ಮೇಲೆ ಉಪ್ಪು ಉಳಿದಿದ್ದರೆ ಇನ್ನೂ ಕೆಟ್ಟದ್ದು, ಆ ಉಪ್ಪು ಪದರದ ಮೂಲಕ ನೀರನ್ನು ಎಳೆದು ಗುಳ್ಳೆ ಎಬ್ಬಿಸುತ್ತದೆ. ಆಸ್ಮಾಸಿಸ್, ಪಿಯುಸಿಯಲ್ಲೇ ಓದಿದ್ದೀರಿ.

ಪೇಂಟ್ ಕೆಮಿಸ್ಟ್ರಿ ಗೆದ್ದರೆ ಏನಾಗುತ್ತೆ ಅಂತ ತೋರಿಸಲು ನಾನು ಸ್ಕಾಟ್ಲೆಂಡಿನ ಫೋರ್ತ್ ರೈಲು ಸೇತುವೆಯನ್ನು ಹೇಳುತ್ತೇನೆ. 1890ರಲ್ಲಿ ತೆರೆದ ಉಕ್ಕಿನ ಸೇತುವೆ ಅದು. ಒಂದು ತುದಿಯಿಂದ ಬಣ್ಣ ಹಚ್ಚಿ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಮೊದಲ ತುದಿಗೆ ಮತ್ತೆ ಹಚ್ಚಬೇಕು ಅಂತ ಜನ ಹೇಳುತ್ತಿದ್ದರು, ಮುಗಿಯದ ಕೆಲಸಕ್ಕೆ ಇಂಗ್ಲಿಷಿನಲ್ಲಿ ಅದರದ್ದೇ ಹೆಸರು ಬಂತು. 2002ರಿಂದ ಹಳೆಯದನ್ನೆಲ್ಲ ಕೆರೆದು ಹೊಸ ವ್ಯವಸ್ಥೆ ಹಚ್ಚಿದರು: ಕೆಳಗೆ ಸತುವಿನ ಪ್ರೈಮರ್, ನಡುವೆ ಗಾಜಿನ ಹಪ್ಪಳೆ ಸೇರಿಸಿದ ಎಪಾಕ್ಸಿ, ಮೇಲೆ ಪಾಲಿಯುರೆಥೇನ್. 2011ರ ಕೊನೆಗೆ ಕೆಲಸ ಮುಗಿಯಿತು, 25 ವರ್ಷಕ್ಕೂ ಮೇಲೆ ತಡೆಯಬೇಕು ಅನ್ನುವ ನಿರೀಕ್ಷೆ. ಆ ಗಾಜಿನ ಹಪ್ಪಳೆಗಳು ಪದರದೊಳಗೆ ಅಡ್ಡಡ್ಡ ಮಲಗುತ್ತವೆ. ನೀರು ನೇರವಾಗಿ ಇಳಿಯಲಾಗದೆ ಸುತ್ತಿ ಬಳಸಿ ಬರಬೇಕಾಗುತ್ತದೆ, ಅಷ್ಟೇ ಉಪಾಯ. ಎಪಾಕ್ಸಿ ಬಿಸಿಲಿಗೆ ಪುಡಿಯಾಗುತ್ತದೆ, ಅದಕ್ಕೆ ಮೇಲೆ ಪಾಲಿಯುರೆಥೇನ್ ಹೊದಿಕೆ. ಒಂದೊಂದು ಪದರಕ್ಕೂ ಒಂದೊಂದು ಕೆಲಸ. ಯಾವುದೂ ಎಲ್ಲವನ್ನೂ ಮಾಡುವುದಿಲ್ಲ.

ಆರೋಗ್ಯದ ಬಗ್ಗೆ ನಿಮ್ಮ ಮನೆಯವರು ಹೆದರಿದ್ದು ಸುಳ್ಳೇನಲ್ಲ. ಈ ಉದ್ಯಮದ ಹಳೆಯ ಚರಿತ್ರೆ ಚೆನ್ನಾಗಿಲ್ಲ. ಕಟ್ಟಡದ ಒಳಗೆ ಸೀಸದ ಬಿಳಿ ಬಳಸುವುದನ್ನು ತಡೆಯಲು ಅಂತರರಾಷ್ಟ್ರೀಯ ಒಪ್ಪಂದ ಆದದ್ದು 1921ರಲ್ಲಿ. ಅಮೆರಿಕ ಮನೆಬಳಕೆಯ ಪೇಂಟ್‌ನಲ್ಲಿ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ, ಅಂದರೆ ನಡುವೆ ಅರ್ಧ ಶತಮಾನಕ್ಕೂ ಜಾಸ್ತಿ. ಈಗ ವಿಶ್ವಸಂಸ್ಥೆಯ ಪರಿಸರ ವಿಭಾಗ ಸೂಚಿಸುವ ಮಿತಿ 90 ಪಿಪಿಎಂ. ತುಕ್ಕು ತಡೆಯುವುದರಲ್ಲಿ ಸರಿಸಾಟಿ ಇಲ್ಲದ ಕ್ರೋಮೇಟ್ ಪಿಗ್ಮೆಂಟ್‌ಗಳು ಕ್ಯಾನ್ಸರ್ ತರುತ್ತವೆ ಅಂತ ಖಚಿತವಾಗಿ, ಈಗ ಬಹುಪಾಲು ಕಡೆ ಜಿಂಕ್ ಫಾಸ್ಫೇಟ್ ಬಂದಿದೆ. ಅದು ಅಷ್ಟು ಚೆನ್ನಾಗಿ ಕಾಯುವುದಿಲ್ಲ ಅನ್ನುವುದು ನಿಜ, ಆದರೂ ಕ್ರೋಮೇಟ್‌ಗೆ ವಾಪಸ್ ಹೋಗಬೇಕು ಅನ್ನುವವರ ಜೊತೆ ನನಗೆ ವಾದ ಮಾಡುವ ತಾಳ್ಮೆ ಇಲ್ಲ.

ಲ್ಯಾಬಿನಲ್ಲಿ ನಾನು ಹೆಚ್ಚು ಹೆದರುವುದು ವಾಸನೆ ಹೊಡೆಯುವ ಸಾಲ್ವೆಂಟ್‌ಗಿಂತ ಐಸೋಸಯನೇಟ್‌ಗೆ. ಪಾಲಿಯುರೆಥೇನ್‌ನ ಹಾರ್ಡನರ್ ಅದು. ಉಸಿರಿನಲ್ಲಿ ಹೋಗಿ ಒಮ್ಮೆ ದೇಹಕ್ಕೆ ಅಲರ್ಜಿಯಾಗಿ ಕೂತುಬಿಟ್ಟರೆ ಆಮೇಲೆ ಅತಿ ಸ್ವಲ್ಪಕ್ಕೂ ಆಸ್ತಮಾ ಬರುತ್ತದೆ, ಅಂಥವರು ಆ ವಿಭಾಗವನ್ನೇ ಬಿಡಬೇಕಾಗುತ್ತದೆ. ಸ್ಪ್ರೇ ಮಾಡುವಾಗ ಹೊರಗಿನಿಂದ ಗಾಳಿ ಕೊಡುವ ಮುಖವಾಡ ಬೇಕು, ಬಟ್ಟೆಯ ಮಾಸ್ಕ್ ಹಾಕಿಕೊಂಡು ಧೈರ್ಯ ತೋರಿಸುವುದು ದಡ್ಡತನ. ಸಾಲ್ವೆಂಟ್‌ಗೆ ಮೂಗನ್ನು ನಂಬಬೇಡಿ, ಸ್ವಲ್ಪ ಹೊತ್ತಿಗೆ ಮೂಗಿಗೆ ಅಭ್ಯಾಸವಾಗಿ ವಾಸನೆಯೇ ಗೊತ್ತಾಗುವುದಿಲ್ಲ. ಫ್ಯೂಮ್ ಹುಡ್ ಓಡುತ್ತಿದೆಯಾ ಅಂತ ನೋಡಿ. ಡ್ರಮ್‌ನಿಂದ ಸಾಲ್ವೆಂಟ್ ಸುರಿಯುವಾಗ ಅರ್ಥಿಂಗ್ ಕ್ಲಿಪ್ ಹಾಕದೆ ಸುರಿಯಬೇಡಿ. ಲಿನ್‌ಸೀಡ್ ಎಣ್ಣೆ ಅಥವಾ ಆಲ್ಕಿಡ್ (ಎಣ್ಣೆ ಆಧಾರಿತ ರೆಸಿನ್) ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆದರೆ ಅದು ತಾನಾಗಿ ಬಿಸಿಯಾಗಿ ರಾತ್ರಿ ಹೊತ್ತಿಕೊಳ್ಳಬಹುದು. ಇವುಗಳಿಗೆಲ್ಲ ಸರಿಯಾದ ವ್ಯವಸ್ಥೆ ಇರುವ ಲ್ಯಾಬಿನಲ್ಲಿ ಕೆಲಸ ಮಾಡಿ ಆರೋಗ್ಯವಾಗಿ ನಿವೃತ್ತರಾದವರು ಬೇಕಾದಷ್ಟು ಜನ ಇದ್ದಾರೆ. ಇಂಟರ್‌ವ್ಯೂಗೆ ಹೋದಾಗ ಲ್ಯಾಬ್ ತೋರಿಸಿ ಅಂತ ಕೇಳಿ. ಒಳಗೆ ಕಾಲಿಟ್ಟ ಕ್ಷಣ ಕಣ್ಣು ಉರಿದರೆ ಸಂಬಳ ಎಷ್ಟಾದರೂ ಯೋಚನೆ ಮಾಡಿ.

ನೀರು ಆಧಾರಿತ ಪೇಂಟ್ ಬಂದಮೇಲೆ ಎಲ್ಲ ಸುರಕ್ಷಿತ ಆಯಿತಲ್ಲ ಅಂತ ಕೆಲವರು ಹೇಳುತ್ತಾರೆ. ಸಾಲ್ವೆಂಟ್ ಕಮ್ಮಿಯಾಗಿದೆ, ಒಪ್ಪಿದೆ. ತಲೆನೋವು ಮಾತ್ರ ಹೊಸದು. ಕಬ್ಬಿಣಕ್ಕೆ ಹಚ್ಚಿದ ಕೂಡಲೇ ತುಕ್ಕಿನ ಚುಕ್ಕೆ ಬರುವುದು, ಡಬ್ಬಿಯೊಳಗೆ ಬ್ಯಾಕ್ಟೀರಿಯಾ ಬೆಳೆದು ನಾರುವುದು, ತಂಪಿನಲ್ಲಿ ಕಣಗಳು ಬೆಸೆಯದೆ ಪದರ ಪುಡಿಪುಡಿಯಾಗುವುದು. ಮುಂದಿನ ವರ್ಷಗಳಲ್ಲಿ ನಿಮ್ಮ ಹೆಚ್ಚಿನ ಕೆಲಸ ಇದರ ಸುತ್ತಲೇ ಇರುತ್ತದೆ. ಕಾರಿನ ಬಾಡಿಯನ್ನು ಮುಳುಗಿಸಿ ಕರೆಂಟ್ ಹರಿಸಿ ಕೂರಿಸುವ ಕ್ಯಾಥೋಡಿಕ್ ಪ್ರೈಮರ್ ಕೂಡ ನೀರು ಆಧಾರಿತವೇ. ಅದರ ಬಗ್ಗೆ ಓದಿಕೊಳ್ಳಿ, ಸೊಗಸಾದ ಕೆಮಿಸ್ಟ್ರಿ. 20 ಮೈಕ್ರಾನ್ ಸುಮಾರಿಗೆ ಪದರ ಕೂತ ಮೇಲೆ ಆ ಪದರವೇ ಕರೆಂಟ್ ತಡೆದು ಇನ್ನೂ ಖಾಲಿ ಇರುವ ಸಂದಿಗೊಂದಿಗೆ ಪೇಂಟ್ ಹೋಗುವಂತೆ ಮಾಡುತ್ತದೆ.

ಕೆಲಸ ಸಿಕ್ಕರೆ ಮೂರು ದಾರಿ ಇರುತ್ತವೆ: ರೆಸಿನ್ ಬೇಯಿಸುವುದು, ಫಾರ್ಮುಲೇಶನ್, ಟೆಕ್ನಿಕಲ್ ಸರ್ವೀಸ್. ಆರ್ಗ್ಯಾನಿಕ್ ಇಷ್ಟ ಇದ್ದರೆ ರೆಸಿನ್ ವಿಭಾಗ, ಅಲ್ಲಿ ಕೆಟಲ್‌ನಲ್ಲಿ ಆಸಿಡ್ ವ್ಯಾಲ್ಯೂ ಇಳಿಯುವುದನ್ನು ಕಾಯುತ್ತಾ, ಸ್ನಿಗ್ಧತೆ ಏರುವುದನ್ನು ನೋಡುತ್ತಾ, ಇಡೀ ಬ್ಯಾಚ್ ಜೆಲ್ ಆಗುವ ಮೊದಲು ನಿಲ್ಲಿಸಬೇಕು. ಆದರೆ ಆಯ್ಕೆ ಕೊಟ್ಟರೆ ಮೊದಲ ಒಂದೆರಡು ವರ್ಷ ಟೆಕ್ನಿಕಲ್ ಸರ್ವೀಸ್ ಕೇಳಿ ಅನ್ನುತ್ತೇನೆ. ಓಡಾಟ ಜಾಸ್ತಿ, ಬೈಗುಳ ಜಾಸ್ತಿ. ಹಾಗಿದ್ದರೂ ಡಬ್ಬಿಯ ಆಚೆಗಿನ ಅರ್ಧ ಅಲ್ಲೇ ಕಾಣುವುದು, ಅದನ್ನು ನೋಡದೆ ಫಾರ್ಮುಲಾ ಬರೆಯುವವರು ಲ್ಯಾಬಿನ ಎಸಿಯಲ್ಲಿ ಚೆನ್ನಾಗಿ ಒಣಗುವ ಪೇಂಟ್ ಮಾಡುತ್ತಾರೆ.

ಇಂಟರ್‌ವ್ಯೂನಲ್ಲಿ ಎಪಾಕ್ಸಿ ಲೆಕ್ಕ ಕೇಳಬಹುದು. ಹರಡುವಿಕೆ ಲೆಕ್ಕವೂ ಬರಬಹುದು: ಘನಭಾಗ ಗಾತ್ರದಲ್ಲಿ ಶೇ. 60 ಇರುವ ಪೇಂಟ್ ಒಂದು ಲೀಟರ್, ಒಣ ದಪ್ಪ 100 ಮೈಕ್ರಾನ್ ಬೇಕು, ಎಷ್ಟು ಚದರ ಮೀಟರ್? ಆರು. 60ನ್ನು 10ರಿಂದ ಗುಣಿಸಿ 100ರಿಂದ ಭಾಗಿಸಿ. ಅನುಭವಸ್ಥರು ಕೂತಿದ್ದರೆ ಎದ್ದು ಬಂದ ಪೇಂಟ್ ಚಕ್ಕೆಯೊಂದನ್ನು ಮುಂದಿಟ್ಟು ಏನಾಗಿದೆ ಹೇಳಿ ಅನ್ನುವುದೂ ಉಂಟು. ಆಗ ಮುಂಭಾಗ ನೋಡಿ ಹೊಳಪು, ಬಣ್ಣ ಅಂತ ಶುರು ಮಾಡಬೇಡಿ. ಚಕ್ಕೆಯನ್ನು ತಿರುಗಿಸಿ ಹಿಂಭಾಗ ನೋಡಿ. ಹಿಂದೆ ತುಕ್ಕು ಅಂಟಿದ್ದರೆ ಕಬ್ಬಿಣವನ್ನು ಸರಿಯಾಗಿ ಉಜ್ಜಿಲ್ಲ, ಇಲ್ಲವೇ ನೀರು ಕೆಳಗೆ ಸೇರಿದೆ. ಪ್ರೈಮರ್ ಪೂರ್ತಿ ಬಂದು ಹಿಂಭಾಗ ಸ್ವಚ್ಛವಾಗಿದ್ದರೆ ಅದು ಅಂಟಲೇ ಇಲ್ಲ, ಎಣ್ಣೆ ಇತ್ತಾ, ಮೇಲ್ಮೈ ತೀರಾ ನುಣುಪಾಗಿತ್ತಾ ಅಂತ ಕೇಳಿ. ಹಿಂದೆ ಟಾಪ್‌ಕೋಟ್ ಬಣ್ಣವೇ ಕಂಡರೆ ಎರಡು ಕೋಟ್‌ಗಳ ನಡುವೆ ಬಿಟ್ಟುಕೊಂಡಿದೆ, ಮೊದಲ ಕೋಟ್ ಹಚ್ಚಿ ಎಷ್ಟು ದಿನ ಬಿಟ್ಟು ಎರಡನೆಯದು ಹಚ್ಚಿದರು ಅಂತ ಕೇಳಿ. ಚಕ್ಕೆಯ ಹಿಂದೆಯೂ ಕಬ್ಬಿಣದ ಮೇಲೂ ಒಂದೇ ಪ್ರೈಮರ್ ಕಂಡರೆ ಪದರವೇ ನಡುವೆ ಸೀಳಿದೆ, ಆಗ ಮಾತ್ರ ಫಾರ್ಮುಲಾದಲ್ಲಿ ಪಿಗ್ಮೆಂಟ್ ಜಾಸ್ತಿಯಾಗಿದೆಯಾ, ಹಾರ್ಡನರ್ ಸರಿ ಸೇರಿದೆಯಾ ಅನ್ನುವ ಪ್ರಶ್ನೆಗೆ ಬನ್ನಿ. ಉತ್ತರ ತಪ್ಪಿದರೂ ಪರವಾಗಿಲ್ಲ, ಆ ಚಕ್ಕೆಯನ್ನು ತಿರುಗಿಸಿದವರನ್ನು ನಾನಂತೂ ಕೆಲಸಕ್ಕೆ ತಗೊಳ್ಳುತ್ತೇನೆ.